ಮುಂಬೈನ 33 ಡಿಗ್ರಿ ಮತ್ತು ಪಶ್ಚಿಮದ ಬಾಲ್ಕನಿ

ನಿಮ್ಮ ಪ್ರಶ್ನೆ ಎರಡು. ಕಲಬುರಗಿಯ 42 ಡಿಗ್ರಿ ತಡ್ಕೊಂಡವರಿಗೆ ಮುಂಬೈನ 33 ಯಾವ ಲೆಕ್ಕ ಅಂತ ಒಂದು. ಪಶ್ಚಿಮಕ್ಕೆ ಬಾಲ್ಕನಿ ಇರುವ ಮನೆ ಬಾಡಿಗೆಗೆ ಹಿಡಿಯಬಹುದಾ ಅಂತ ಇನ್ನೊಂದು. ನಾನು ಮುಂಬೈನ ಮಾಟುಂಗಾದಲ್ಲಿ ಇರುವವಳು. ಎರಡಕ್ಕೂ ಉತ್ತರ ಗಾಳಿಯಲ್ಲಿದೆ. ಇಲ್ಲಿ ಡಿಗ್ರಿ ನೋಡುವುದಕ್ಕಿಂತ ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತ ನೋಡಿದರೆ ಜಾಸ್ತಿ ತಿಳಿಯುತ್ತದೆ.

ನಿಮ್ಮೂರಿನ ಬೇಸಿಗೆಯಲ್ಲಿ ಬಿಸಿಲು ಸುಡುತ್ತದೆ, ಆದರೆ ಗಾಳಿ ಒಣಗಿರುತ್ತದೆ. ಬೆವರು ಬಂದ ಹಾಗೇ ಆರುತ್ತದೆ, ಮೈ ತಣಿಯುತ್ತದೆ. ಮುಂಬೈನ ಮೇ ತಿಂಗಳಲ್ಲಿ ಗಾಳಿಯ ತುಂಬಾ ತೇವ. ಬೆವರು ಆರುವುದೇ ಇಲ್ಲ. ಸ್ನಾನ ಮಾಡಿ ಮೈ ಒರೆಸಿಕೊಳ್ಳುವಷ್ಟರಲ್ಲಿ ಬೆನ್ನು ಮತ್ತೆ ಒದ್ದೆ. ರಾತ್ರಿಯೂ ಬಿಡುವಿಲ್ಲ. ಹಾಗಾಗಿ 33 ಅಂದರೆ 33 ಅಲ್ಲ, ಮೈಗೆ 40 ದಾಟಿದ ಹಾಗೆ ಅನಿಸುತ್ತದೆ.

ಹಾಗಂತ ಇಲ್ಲಿ ಪಾದರಸ ತೀರಾ ಮೇಲೇರುವುದು ಮೇನಲ್ಲಿ ಅಲ್ಲ, ಮಾರ್ಚ್-ಏಪ್ರಿಲ್‌ನಲ್ಲಿ. ಉಪನಗರದ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 42.2 ಡಿಗ್ರಿ ದಾಖಲಾದದ್ದು 1952ರ ಏಪ್ರಿಲ್ 14ರಂದು. 1956ರ ಮಾರ್ಚ್ 28ಕ್ಕೆ 41.7. ಮುಂಬೈ ಉದ್ದಕ್ಕೆ ಚಾಚಿದ ಊರು. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಖಾಡಿ (ಒಳಚಾಚಿದ ಸಮುದ್ರದ ನೀರು) ದಾಟಿದರೆ ಕಾದ ನೆಲ, ಅದರಾಚೆ ಘಟ್ಟ. ಬೆಳಿಗ್ಗೆ ನೆಲದ ಕಡೆಯಿಂದ ಪೂರ್ವದ ಗಾಳಿ ಬೀಸುತ್ತದೆ. ಬಿಸಿಲೇರಿದಂತೆ ನೆಲ ಕಾದು, ಹತ್ತು-ಹನ್ನೊಂದರ ಸುಮಾರಿಗೆ ಸಮುದ್ರದ ಗಾಳಿ ಒಳಗೆ ಬರಬೇಕು. ಪೂರ್ವದ ಗಾಳಿ ಜೋರಾಗಿದ್ದ ದಿನ ಅದು ಬರುವುದು ತಡವಾಗುತ್ತದೆ, ಒಮ್ಮೊಮ್ಮೆ ಮಧ್ಯಾಹ್ನ ಎರಡಾದರೂ ಸುಳಿವಿರುವುದಿಲ್ಲ. ಅವತ್ತೇ 38, 39, 40.

ಇದನ್ನು ಕಣ್ಣಾರೆ ನೋಡಬೇಕೆಂದರೆ ಬಿಲ್ಡಿಂಗಿನ ಟೆರೇಸಿಗೆ ಹೋಗಿ. ಹಗ್ಗದ ಮೇಲಿನ ಬಟ್ಟೆಗಳು ಬೆಳಿಗ್ಗೆ ಸಮುದ್ರದ ಕಡೆಗೆ ಹಾರುತ್ತಿರುತ್ತವೆ. ಆಮೇಲೆ ಸ್ವಲ್ಪ ಹೊತ್ತು ಎಲ್ಲಾ ಸ್ತಬ್ಧ, ಸೀರೆಯ ಸೆರಗೂ ಅಲುಗುವುದಿಲ್ಲ. ಆ ಹೊತ್ತು ಜೀವ ಹಿಂಡುತ್ತದೆ. ಆಮೇಲೆ ಒಂದೊಂದೇ ಬಟ್ಟೆ ಪೂರ್ವಕ್ಕೆ ವಾಲುತ್ತದೆ. ಸಮುದ್ರದ ಗಾಳಿ ಬಂತು, ಇನ್ನು ಪಾದರಸ ಮೇಲೇರುವುದಿಲ್ಲ ಅಂತ ತಿಳಿಯಿರಿ. ಎಳೆ ಮಕ್ಕಳು, ವಯಸ್ಸಾದವರು ಮನೆಯಲ್ಲಿದ್ದರೆ ಹೊರಗಿನ ಕೆಲಸವನ್ನು ಆ ಗಾಳಿ ಬಂದ ಮೇಲೆ ಇಟ್ಟುಕೊಳ್ಳಿ.

ಪಶ್ಚಿಮದ ಬಾಲ್ಕನಿ ಬೇಕು ಅಂತ ನಾನು ಹೇಳುವುದೂ ಇದಕ್ಕೇ. ಸಂಜೆ ಬಿಸಿಲು ಒಳಗೆ ಹೊಡೆಯುತ್ತದೆ, ನಿಜ. ಆದರೆ ಸಮುದ್ರದ ಗಾಳಿ ನೇರ ಮನೆಯೊಳಗೆ ಬರುತ್ತದೆ. ಎದುರಿಗೆ ಎತ್ತರದ ಟವರ್ ಅಡ್ಡ ನಿಂತಿದ್ದರೆ ಮಾತ್ರ ಬರೀ ಬಿಸಿಲು ನಿಮ್ಮ ಪಾಲಿಗೆ. ಅಂಥದ್ದು ಬೇಡ.

ಇನ್ನು ಮಳೆಗಾಲ. ಮುಂಗಾರು ಮುಂಬೈ ಮುಟ್ಟಬೇಕಾದದ್ದು ಜೂನ್ 11ರ ಹೊತ್ತಿಗೆ, ಹಿಂದೆ ಸರಿಯುವುದು ಅಕ್ಟೋಬರ್ 8ರ ಸುಮಾರಿಗೆ. 2025ರಲ್ಲಿ ಮೇ 26ಕ್ಕೇ ಬಂದುಬಿಟ್ಟಿತು. ಆಗ ಗಾಳಿ ಹೆಚ್ಚಾಗಿ ನೈಋತ್ಯ ಮತ್ತು ಪಶ್ಚಿಮದಿಂದ. ಮಳೆ ಮೇಲಿನಿಂದ ಬೀಳುವುದಕ್ಕಿಂತ ಅಡ್ಡಡ್ಡ ಹೊಡೆಯುವುದೇ ಹೆಚ್ಚು. ಸ್ಲೈಡಿಂಗ್ ಕಿಟಕಿ ಮುಚ್ಚಿದ್ದರೂ ಅದರ ಕೆಳಗಿನ ಹಳಿಯಲ್ಲಿ ನೀರು ತುಂಬಿ ಗುಳುಗುಳು ಅಂತ ಒಳಗೆ ಉಕ್ಕುತ್ತದೆ. ನಾವು ಅಲ್ಲಿ ಹಳೇ ಟವೆಲ್ ತುರುಕಿ, ಗಂಟೆಗೊಮ್ಮೆ ಹಿಂಡುತ್ತೇವೆ. ಚಪ್ಪಲಿ, ಬೆಲ್ಟು, ಮದುವೆ ಸೀರೆಗಳಿಗೆಲ್ಲ ಬೂಷ್ಟು. ಹಾಗಾಗಿ ಪಶ್ಚಿಮದ ಮನೆಗೆ ಕಿಟಕಿ ಮೇಲೆ ಅಗಲವಾದ ಸಜ್ಜಾ ಇರಲೇಬೇಕು. ಇಲ್ಲದಿದ್ದರೆ ವೆದರ್ ಶೆಡ್ (ಕಿಟಕಿ ಮೇಲೆ ಮಳೆ ತಡೆಯುವ ಶೀಟಿನ ಮಾಡು) ಹಾಕಿಸಿಕೊಡುತ್ತಾರಾ ಅಂತ ಅಡ್ವಾನ್ಸ್ ಕೊಡುವ ಮೊದಲೇ ಕೇಳಿ.

ಮಳೆಯೂ ಊರಿಗೆಲ್ಲ ಒಂದೇ ಸಮ ಬೀಳುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಸುರಿಯಿತು. ಅದೇ ದಿನ ಊರಿನ ದಕ್ಷಿಣ ತುದಿಯ ಕೊಲಾಬಾದಲ್ಲಿ ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲ! ಸುದ್ದಿಯಲ್ಲಿ 'ಮುಂಬೈಗೆ ಇಷ್ಟು ಮಳೆ' ಅಂದರೆ ಯಾವ ಕಡೆ ಅಂತ ನೋಡಿ. ಜೊತೆಗೆ ಭರತದ, ಅಂದರೆ ಸಮುದ್ರದ ಉಬ್ಬರದ, ವೇಳೆಯನ್ನೂ ನೋಡಿಕೊಳ್ಳಿ. ಭರತ ನಾಲ್ಕೂವರೆ ಮೀಟರ್ ದಾಟಿದ ಹೊತ್ತಿಗೇ ಜೋರು ಮಳೆ ಬಂದರೆ ಚರಂಡಿ ನೀರು ಸಮುದ್ರಕ್ಕೆ ಇಳಿಯುವುದಿಲ್ಲ. ನಮ್ಮ ಕಿಂಗ್ಸ್ ಸರ್ಕಲ್, ಹಿಂದ್‌ಮಾತಾ, ಅಂಧೇರಿ ಸಬ್‌ವೇ ಕಡೆ ಮೊಣಕಾಲುದ್ದ ನೀರು ನಿಲ್ಲುವುದು ಹೆಚ್ಚಾಗಿ ಅಂಥ ಹೊತ್ತಿನಲ್ಲಿ. ಅಲ್ಲೆಲ್ಲ ನೆಲಮಹಡಿ ಮನೆ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಅಕ್ಟೋಬರ್‌ನಲ್ಲಿ ಮಳೆ ಹೋಗಿ ಮತ್ತೊಮ್ಮೆ ಸೆಖೆ. ಡಿಸೆಂಬರ್, ಜನವರಿ ಬೆಳಗು ಹಿತವಾಗಿರುತ್ತದೆ, ಆದರೆ ಗಾಳಿ ಮಂದವಾದ ದಿನ ಧೂಳು, ಹೊಗೆ ಊರ ಮೇಲೇ ನಿಂತುಬಿಡುತ್ತವೆ. ಉಬ್ಬಸ ಇರುವವರು ಆಗ ಮುಂಜಾನೆಯ ವಾಕಿಂಗ್ ಬಿಡುವುದು ಒಳ್ಳೆಯದು.

ನೀವು ಜೂನ್ ಕೊನೆಗೆ ಬರುತ್ತೀರಿ ಅಂದಿರಿ. ಹಾಗಾದರೆ ಮನೆ ನೋಡಲು ಜೋರು ಮಳೆಯ ದಿನವೇ ಹೋಗಿ. ಪಶ್ಚಿಮದ ಗೋಡೆಗೆ, ಅದರಲ್ಲೂ ಕಿಟಕಿಯ ಕೆಳಭಾಗಕ್ಕೆ ಅಂಗೈ ಇಟ್ಟು ತೇವ ಇದೆಯಾ ನೋಡಿ. ಹೊಸ ಬಣ್ಣ ಹೊಡೆದಿದ್ದರೆ ಕಪಾಟಿನ ಬಾಗಿಲು ತೆಗೆದು ಹಿಂದಿನ ಗೋಡೆಯನ್ನೂ ಮುಟ್ಟಿ, ಅಲ್ಲಿಗೆ ಸಾಮಾನ್ಯವಾಗಿ ಬಣ್ಣ ಹೊಡೆದಿರುವುದಿಲ್ಲ.