ಓದುಗರ ಪ್ರಶ್ನೆ: ಆಲೆಮನೆಯ ಪಕ್ಕದಲ್ಲಿ ನಿಂತಿರುವ ಹಳೆಯ ಕಾರು

ಪ್ರಶ್ನೆ: ಪಾಂಡವಪುರದ ಬಳಿಯ ನಮ್ಮ ತೋಟದಲ್ಲಿ, ಆಲೆಮನೆಗೆ ಒತ್ತಿಕೊಂಡಿರುವ ಶೆಡ್ಡಿನೊಳಗೆ ನಮ್ಮ ತಾತನವರು ಹರಾಜಿನಲ್ಲಿ ಕೊಂಡಿದ್ದ ದೊಡ್ಡ ಕಾರೊಂದು ನಲವತ್ತು ವರ್ಷಗಳಿಂದ ನಿಂತಿದೆ. ಮುಂಭಾಗದ ಲಾಂಛನ ಕಳೆದುಹೋಗಿದೆ. ರೇಡಿಯೇಟರಿನ ಮೇಲ್ಭಾಗ ಭುಜದಂತೆ ಎರಡೂ ಕಡೆ ಬಾಗಿದೆ. ಚಕ್ರದ ಮುಚ್ಚಳಗಳ ನಡುವೆ ಆರು ಮೂಲೆಯ ಕೆಂಪು ಗುರುತಿದೆ. ಎಂಜಿನ್ನಿನ ಮೇಲೆ ಒಂದೇ ಸಾಲಿನಲ್ಲಿ ಎಂಟು ಸ್ಪಾರ್ಕ್ ಪ್ಲಗ್ಗುಗಳಿವೆ. ಇದು ಯಾವ ಕಾರು? ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿ ನೋಡೋಣ ಎಂದು ಊರಿನ ಮೆಕ್ಯಾನಿಕ್ ಹೇಳುತ್ತಾರೆ. ಮಾಡಬಹುದೇ?
– ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ದಯವಿಟ್ಟು ಇನ್ನೂ ಬ್ಯಾಟರಿ ಹಾಕಬೇಡಿ. ನೀವು ವಿವರಿಸಿರುವುದೆಲ್ಲ ಅಮೆರಿಕದ ಡೆಟ್ರಾಯಿಟ್‌ನಲ್ಲಿ ತಯಾರಾಗುತ್ತಿದ್ದ ಪ್ಯಾಕರ್ಡ್ ಕಾರಿನ ಲಕ್ಷಣಗಳು. ನೀವು ಭುಜವೆಂದು ಕರೆದಿರುವ ಆ ಬಾಗನ್ನು ಎತ್ತಿನ ನೊಗಕ್ಕೆ ಹೋಲಿಸುತ್ತಿದ್ದರು; ನಿಮ್ಮ ಮನೆಯ ಗಾಡಿಯ ನೊಗವನ್ನು ಪಕ್ಕದಲ್ಲಿಟ್ಟು ನೋಡಿದರೆ ಹೋಲಿಕೆ ನಿಮಗೇ ಕಾಣುತ್ತದೆ. ಕೆಂಪು ಷಟ್ಕೋನವೂ ಆ ಕಂಪನಿಯದೇ ಗುರುತು.

ಯಾವ ಮಾದರಿ ಎಂಬುದನ್ನು ತಿಳಿಯಲು ಮುಂದಿನ ಚಕ್ರಗಳ ಕೆಳಗೆ ಟಾರ್ಚ್ ಹಿಡಿದು ನೋಡಿ. ಎರಡು ಚಕ್ರಗಳನ್ನೂ ಒಂದೇ ಕಬ್ಬಿಣದ ಆಕ್ಸಲ್ ಜೋಡಿಸಿದ್ದರೆ ಅದು ಹಳೆಯ ವಿನ್ಯಾಸ. ಪ್ರತಿ ಚಕ್ರಕ್ಕೂ ಪ್ರತ್ಯೇಕವಾದ ಕಾಯಿಲ್ ಸ್ಪ್ರಿಂಗ್ ಇದ್ದರೆ, ಪ್ಯಾಕರ್ಡ್ ಆ ವ್ಯವಸ್ಥೆಯನ್ನೂ ಹೈಡ್ರಾಲಿಕ್ ಬ್ರೇಕನ್ನೂ ಮೊದಲು ತಂದದ್ದು 1935ರ ‘ಒನ್ ಟ್ವೆಂಟಿ’ ಮಾದರಿಯಲ್ಲಿ. ದೊಡ್ಡ ಮಾದರಿಗಳಿಗೆ ಅವು ಬಂದದ್ದು 1937ರಲ್ಲಿ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಟೇಪ್ ಹಿಡಿದಾಗ ಸರಿಯಾಗಿ 10 ಅಡಿ ಬಂದರೆ ಅದು ಬಹುಪಾಲು ಆರಂಭದ ವರ್ಷಗಳ ಒನ್ ಟ್ವೆಂಟಿಯೇ. 1935ರಲ್ಲಿ ಅದರ ಎಂಜಿನ್ 4.2 ಲೀಟರಿನದು, 110 ಅಶ್ವಶಕ್ತಿಯದು. ಮರುವರ್ಷ ಅದು 4.6 ಲೀಟರ್ ಮತ್ತು 120 ಅಶ್ವಶಕ್ತಿಗೆ ಏರಿತು. ಎಲ್ಲಕ್ಕಿಂತ ಮುಖ್ಯವಾಗಿ, ಎಂಜಿನ್ನಿಗೂ ಚಾಲಕರ ಜಾಗಕ್ಕೂ ನಡುವಿರುವ ತಗಡಿನ ಗೋಡೆಯ ಮೇಲೆ ಪುಟ್ಟ ಫಲಕವೊಂದಿರುತ್ತದೆ. ಕಾರಿನ ಸಂಖ್ಯೆಯ ಜೊತೆಗೆ, ಅದನ್ನು ಮಾರಿದ ಡೀಲರನ ಹೆಸರು ಮತ್ತು ಕಾರು ಕೈಸೇರಿದ ದಿನಾಂಕವನ್ನೂ ಅದರಲ್ಲಿ ಒತ್ತುತ್ತಿದ್ದರು. ಅದನ್ನು ಮರಳು ಕಾಗದದಿಂದ ಉಜ್ಜಬೇಡಿ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಓರೆಯಾಗಿ ಬೆಳಕು ಬೀಳುವಂತೆ ಮಾಡಿ ಓದಿ.

ಕಾರಿನ ಹಳೆಯ ನೋಂದಣಿ ಪತ್ರಕ್ಕಾಗಿ (ಆರ್‌ಸಿ) ತಾತನವರ ಪೆಟ್ಟಿಗೆಗಳನ್ನೂ ಹುಡುಕಿಸಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ವಾಹನಗಳಿಗೆ 2021ರ ಕೇಂದ್ರ ನಿಯಮದಂತೆ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ಸಂಖ್ಯೆ ಸಿಗುತ್ತದೆ. ಅದರ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಇಲ್ಲೇ ನೋಂದಣಿಯಾಗಿದ್ದ ವಾಹನಕ್ಕೆ ಹಳೆಯ ಆರ್‌ಸಿ ಕೇಳುತ್ತಾರೆ.

ಇನ್ನು ಸ್ಟಾರ್ಟ್ ಮಾಡುವ ವಿಚಾರ. ಇಷ್ಟು ಕಾಲ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿರುತ್ತವೆ. ಸಿಲಿಂಡರುಗಳ ಪಕ್ಕದಲ್ಲೇ ವಾಲ್ವುಗಳಿರುವ ಈ ಬಗೆಯ ಎಂಜಿನ್ನಿನಲ್ಲಿ ಅವೂ ಕಚ್ಚಿಕೊಂಡಿರುತ್ತವೆ. ಹಾಗಿರುವಾಗ ಸ್ಟಾರ್ಟರಿನ ಬಲಕ್ಕೆ ರಿಂಗು ಮುರಿದರೆ ಅದರ ಬಿಡಿಭಾಗವನ್ನು ಮೈಸೂರಿನ ಯಾವ ಅಂಗಡಿಯಲ್ಲೂ ಹುಡುಕಲಾಗದು. ಎಂಟೂ ಪ್ಲಗ್ಗುಗಳನ್ನು ಬಿಚ್ಚಿ, ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಪ್ರತಿ ರಂಧ್ರಕ್ಕೂ ನಾಲ್ಕು ಚಮಚ ಹಾಕಿ ಒಂದು ವಾರ ಬಿಡಿ. ನಡುವೆ ಎರಡು ಸಲ ಮತ್ತೆ ಹಾಕಿ. ಅನಂತರ ಟಾಪ್ ಗೇರಿಗೆ ಹಾಕಿ ಕಾರನ್ನು ಹಿಂದಕ್ಕೂ ಮುಂದಕ್ಕೂ ಒಂದೊಂದು ಗೇಣು ಮಾತ್ರ ತೂಗಿ. ಬ್ರೇಕ್ ಇರುವುದಿಲ್ಲ, ಆದ್ದರಿಂದ ಚಕ್ರಗಳಿಂದ ತುಸು ದೂರದಲ್ಲಿ ಕಲ್ಲು ಇಟ್ಟಿರಿ. ಅಲ್ಲಾಡದಿದ್ದರೆ ಬಲ ಹಾಕಬೇಡಿ, ಇನ್ನೊಂದು ವಾರ ಕಾಯಿರಿ.

ಎಂಜಿನ್ ಸರಾಗವಾಗಿ ತಿರುಗತೊಡಗಿದ ಮೇಲೆ ಅದರ ತಳದಲ್ಲಿರುವ ಆಯಿಲ್ ತೊಟ್ಟಿಯನ್ನು (ಸಂಪ್) ಬಿಚ್ಚಿಸಿ. ತಳದಲ್ಲಿ ಜೋನಿಬೆಲ್ಲದಷ್ಟು ಗಟ್ಟಿಯಾದ ಕಪ್ಪು ಕೆಸರು ಕೂತಿರುತ್ತದೆ. ಅದು ಆಯಿಲ್ ಪಂಪಿನ ಜಾಲರಿಯನ್ನು ಮುಚ್ಚಿದ್ದರೆ ಓಡಿದ ಕೆಲವೇ ನಿಮಿಷಗಳಲ್ಲಿ ಬೇರಿಂಗುಗಳು ಹಾಳಾಗುತ್ತವೆ. ರೇಡಿಯೇಟರನ್ನು ತೊಳೆಸಿ. ಟ್ಯಾಂಕಿನ ಹಳೆಯ ಪೆಟ್ರೋಲನ್ನು ಬಳಸದೆ, ಎಂಜಿನ್ನಿನ ಇಂಧನ ಪಂಪಿಗೆ ನೇರವಾಗಿ ಒಂದು ಲೀಟರಿನ ಹೊಸ ಪೆಟ್ರೋಲ್ ಡಬ್ಬಿ ಜೋಡಿಸಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ, ಅದನ್ನು ತಾಳುವ ಹೊಸ ಡಯಾಫ್ರಂ (ಒಳಗಿನ ತೆಳು ಪೊರೆ) ಆ ಪಂಪಿಗೆ ಬೇಕು.

ಬ್ಯಾಟರಿಯ ಸರದಿ ಬರುವುದು ಆಗ. ಈ ಕಾರಿನದು 6 ವೋಲ್ಟ್ ವ್ಯವಸ್ಥೆ, ಮತ್ತು ಇದರಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಚಾಸಿಗೆ, ಅಂದರೆ ಕಾರಿನ ಲೋಹದ ಚೌಕಟ್ಟಿಗೆ, ಸೇರುತ್ತದೆ. ಇಂದಿನ 12 ವೋಲ್ಟ್ ಬ್ಯಾಟರಿ ಹಾಕಿದರೆ ಬಲ್ಬುಗಳೂ ಮೀಟರುಗಳೂ ಸುಟ್ಟುಹೋಗುತ್ತವೆ. ವೋಲ್ಟ್ ಅರ್ಧವಾದರೆ ಅದೇ ಕೆಲಸಕ್ಕೆ ಕರೆಂಟು ಎರಡರಷ್ಟು ಬೇಕಾಗುವುದರಿಂದ, ಕಿರುಬೆರಳಿನಷ್ಟು ದಪ್ಪದ ಕೇಬಲ್ ಹಾಕಿಸಿ.

ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳನ್ನು ಶುಚಿಗೊಳಿಸಿ, ಪ್ಲಗ್ಗಿಲ್ಲದೆಯೇ ಸ್ಟಾರ್ಟರನ್ನು ಹತ್ತು ಹತ್ತು ಸೆಕೆಂಡುಗಳಂತೆ ತಿರುಗಿಸುತ್ತ ಆಯಿಲ್ ಮೀಟರಿನ ಮುಳ್ಳು ಏಳುವವರೆಗೆ ನೋಡಿ. ಅದು ಎದ್ದ ಮೇಲಷ್ಟೇ ಪ್ಲಗ್ ಹಾಕಿ, ಸಿಲಿಂಡರುಗಳು ಕಿಡಿ ಪಡೆಯುವ 1-6-2-5-8-3-7-4 ಕ್ರಮದಲ್ಲಿ ವೈರುಗಳನ್ನು ಜೋಡಿಸಿ. ಒಣಗಿದ ಕಬ್ಬಿನ ರಚ್ಚು ಪಕ್ಕದಲ್ಲೇ ಇರುವ ಆಲೆಮನೆಯಲ್ಲಿ ಕಿಡಿಗೆ ಎಡೆ ಕೊಡಬಾರದು. ಕಾರನ್ನು ಬಯಲಿಗೆ ತಳ್ಳಿಸಿ, ಅಗ್ನಿಶಾಮಕ ಸಿಲಿಂಡರನ್ನು ಕೈಗೆಟಕುವಂತೆ ಇಟ್ಟುಕೊಂಡೇ ಸ್ವಿಚ್ ಹಾಕಿ. ಮೊದಲ ಸಲ ಎರಡು ನಿಮಿಷ ಓಡಿದರೆ ಸಾಕು. ನಿಲ್ಲಿಸಿ, ಕಾರಿನ ಕೆಳಗೆ ಹಾಸಿದ ಬಿಳಿ ಬಟ್ಟೆಯ ಮೇಲೆ ಏನು ತೊಟ್ಟಿಕ್ಕಿದೆ ಎಂಬುದನ್ನು ನಮಗೆ ಬರೆಯಿರಿ; ಫಲಕದ ಫೋಟೊ ಕಳಿಸುವುದನ್ನು ಮರೆಯಬೇಡಿ.