ಮರಳನ್ನು ಎಣಿಸಬಹುದು, ಗೆರೆಯ ಬಿಂದುಗಳನ್ನು ಆಗಲ್ಲ!

ಪ್ರಶ್ನೆ: ನೀರು, ಮರಳು ‘ಎಣಿಸಲಾಗದ’ ನಾಮಪದಗಳು ಅಂತ ಇಂಗ್ಲಿಷ್ ವ್ಯಾಕರಣದಲ್ಲಿ ಓದಿದ್ದೆ. ಗಣಿತದಲ್ಲಿ ನೋಡಿದರೆ 1, 2, 3 ಅಂತ ಮುಗಿಯದೇ ಹೋಗುವ ಸಂಖ್ಯೆಗಳನ್ನು ‘ಎಣಿಸಬಹುದಾದವು’ ಅಂತಾರೆ. ಇದೇನು ತಮಾಷೆ?

ಉತ್ತರ: ಪದ ಒಂದೇ, ಆದರೆ ಎರಡೂ ಕಡೆ ಕೇಳುತ್ತಿರುವುದು ಬೇರೆ ಬೇರೆ ಪ್ರಶ್ನೆ.

ಭಾಷೆಗೆ ಬೇಕಾದದ್ದು ಇಷ್ಟೇ: ಇದರಲ್ಲಿ ‘ಒಂದು’ ಅಂದರೆ ಯಾವುದು? ಪುಸ್ತಕ ಅಂದರೆ ಒಂದು ಪುಸ್ತಕ ಕಣ್ಣಮುಂದೆ ಬರುತ್ತದೆ. ನೀರಿಗೆ ಹಾಗಿಲ್ಲ, ಲೋಟವೋ ಹನಿಯೋ ಏನಾದರೂ ಜೊತೆಗೆ ಬೇಕು. ಕನ್ನಡದಲ್ಲಿ ಈ ಭೇದ ಅಷ್ಟು ಎದ್ದು ಕಾಣುವುದಿಲ್ಲ, ಯಾಕಂದ್ರೆ ‘ಎಷ್ಟು ಪುಸ್ತಕ’, ‘ಎಷ್ಟು ನೀರು’ ಎರಡಕ್ಕೂ ಒಂದೇ ‘ಎಷ್ಟು’ ಸಾಕು, ‘ಹತ್ತು ಪುಸ್ತಕ’ ಅನ್ನುವಾಗ ‘ಗಳು’ ಕೂಡ ಬೇಡ. ಆದರೂ ‘ಕೆಲವು ನೀರು’ ಅಂತ ಯಾರೂ ಹೇಳಲ್ಲ ಅಲ್ವಾ? ಇನ್ನು, ಕನ್ನಡದಲ್ಲಿ ಎರಡು ಸಲಹೆ ಕೊಡಬಹುದು. ಇಂಗ್ಲಿಷಿನಲ್ಲಿ ‘ಟೂ ಅಡ್ವೈಸಸ್’ ಅಂದರೆ ಮೇಷ್ಟ್ರು ಕೆಂಪು ಗೆರೆ ಎಳೀತಾರೆ. ಇದು ವಸ್ತುವಿನ ಗುಣಕ್ಕಿಂತ ಭಾಷೆಯ ರೂಢಿ ಅಂತ ನನಗನ್ನಿಸುತ್ತದೆ.

ಗಣಿತ ಕೇಳುವುದು ಬೇರೆ: ಒಂದನ್ನೂ ಬಿಡದೆ ಎಲ್ಲವನ್ನೂ ಸಾಲಾಗಿ ನಿಲ್ಲಿಸಿ, ಮೊದಲನೆಯದು, ಎರಡನೆಯದು ಅಂತ ನಂಬರ್ ಕೊಡಲು ಆಗುತ್ತದಾ? ಸಾಲು ಮುಗಿಯಬೇಕಾಗಿಲ್ಲ, ಪ್ರತಿಯೊಂದಕ್ಕೂ ಸರದಿ ಬಂದರೆ ಸಾಕು. ಭಿನ್ನರಾಶಿಗಳೂ ಹೀಗೆ ನಿಲ್ಲುತ್ತವೆ. ಅಂಶ, ಛೇದ ಕೂಡಿದರೆ 2 ಬರುವುದು ಮೊದಲು (1/1), ಆಮೇಲೆ 3 ಬರುವವು (1/2, 2/1), ಆಮೇಲೆ 4, ಹೀಗೇ. ಈ ಲೆಕ್ಕದಲ್ಲಿ ಮರಳು ಏನೇನೂ ಅಲ್ಲ. ಇಡೀ ವಿಶ್ವವನ್ನು ತುಂಬಲು ಎಷ್ಟು ಕಣ ಬೇಕು ಅಂತ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್ 2,200 ವರ್ಷಗಳ ಹಿಂದೆಯೇ ಲೆಕ್ಕ ಹಾಕಿದ್ದ. ಅವನ ಕಾಲದ ಕಲ್ಪನೆಯ ವಿಶ್ವ ಅನ್ನಿ. ಇವತ್ತಿನ ರೀತಿಯಲ್ಲಿ ಬರೆದರೆ 1ರ ಮುಂದೆ 63 ಸೊನ್ನೆ, ಅದಕ್ಕಿಂತ ಜಾಸ್ತಿ ಬೇಡ ಅಂದ.

ಬಿಂದುವಿನ ಕಥೆ ಉಲ್ಟಾ. ಒಂದು ಬಿಂದು, ಎರಡು ಬಿಂದು ಅನ್ನಲು ವ್ಯಾಕರಣದ ಅಡ್ಡಿಯಿಲ್ಲ. ಆದರೆ 0 ಮತ್ತು 1ರ ನಡುವಿನ ಗೆರೆಯಲ್ಲಿರುವ ಬಿಂದುಗಳೆಲ್ಲ ಯಾವ ಸಾಲಿಗೂ ಬಗ್ಗುವುದಿಲ್ಲ. ಜರ್ಮನಿಯ ಗಣಿತಜ್ಞ ಗೆಯೋರ್ಗ್ ಕ್ಯಾಂಟರ್ ಇದನ್ನು 1874ರಲ್ಲಿ ತೋರಿಸಿದ, 1891ರಲ್ಲಿ ಇನ್ನೂ ಸುಲಭದ ದಾರಿ ಕೊಟ್ಟ. ಪ್ರತಿ ಬಿಂದುವನ್ನೂ 0.372… ಥರದ ದಶಮಾಂಶವಾಗಿ ಬರೆಯಬಹುದು. ಆ ಎಲ್ಲ ದಶಮಾಂಶಗಳನ್ನೂ ಸಾಲಾಗಿ ಬರೆದಿದ್ದೀರಿ ಅಂದುಕೊಳ್ಳಿ. ಮೊದಲನೆಯದರ ಮೊದಲ ಅಂಕಿ, ಎರಡನೆಯದರ ಎರಡನೇ ಅಂಕಿ, ಹೀಗೆ ಓರೆಯಾಗಿ ನೋಡುತ್ತಾ ಹೋಗಿ. 5 ಕಂಡಲ್ಲಿ 6 ಬರೆಯಿರಿ, ಬೇರೆ ಏನು ಕಂಡರೂ 5 ಬರೆಯಿರಿ. ಹೀಗೆ ಸಿಕ್ಕ ಸಂಖ್ಯೆ ಸಾಲಿನ ಪ್ರತಿಯೊಂದರಿಂದಲೂ ಒಂದಾದರೂ ಅಂಕಿಯಲ್ಲಿ ಬೇರೆಯೇ, ಅಂದರೆ ಸಾಲಿನಲ್ಲಿ ಇರಲೇ ಇಲ್ಲ. ಅದನ್ನೂ ಸೇರಿಸಿಕೊಳ್ತೀನಿ ಅಂತೀರಾ? ಸೇರಿಸಿ. ಇದೇ ಆಟ ಮತ್ತೆ ಆಡಿದರೆ ಇನ್ನೊಂದು ಹೊರಗೆ ನಿಂತಿರುತ್ತದೆ.