ವಾಲ್ವ್ ಆಂಪ್‌ನ ಫ್ಯೂಸ್ ಹಾರುತ್ತಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟಿದೆಯೆಂದೇ ಅರ್ಥವೇ?

ಪ್ರಶ್ನೆ: ನಮ್ಮದು ಗದಗ-ಬೆಟಗೇರಿಯ ಆರ್ಕೆಸ್ಟ್ರಾ ತಂಡ. ಎರಡು ಇಎಲ್34 ವಾಲ್ವ್‌ಗಳಿರುವ 50 ವ್ಯಾಟ್‌ನ ಗಿಟಾರ್ ಆಂಪ್ ಬಳಸುತ್ತೇವೆ. ಹುಬ್ಬಳ್ಳಿಯ ಮದುವೆ ಕಾರ್ಯಕ್ರಮವೊಂದರಲ್ಲಿ ಸ್ಪೀಕರ್ ಕೇಬಲ್ ಕಳಚಿದ್ದು ಯಾರ ಗಮನಕ್ಕೂ ಬರಲಿಲ್ಲ. ಕೆಲವು ನಿಮಿಷ ಹಾಗೆಯೇ ನುಡಿಸಿದೆವು. ಅಂದಿನಿಂದ ಸ್ಟ್ಯಾಂಡ್‌ಬೈ ಸ್ವಿಚ್ ಒತ್ತಿದ ಕೂಡಲೇ ಎಚ್.ಟಿ. (ಹೈವೋಲ್ಟೇಜ್) ಫ್ಯೂಸ್ ಹಾರುತ್ತಿದೆ. ವಾಲ್ವ್‌ಗಳ ಶಕ್ತಿಯನ್ನು ಸ್ಪೀಕರ್‌ಗೆ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯ (ವಾಲ್ವ್ ಕಡೆಯ ಸುರುಳಿ) ಒಂದು ಅರ್ಧ 38 ಓಮ್, ಇನ್ನೊಂದು ಅರ್ಧ 44 ಓಮ್ ತೋರಿಸುತ್ತಿರುವುದರಿಂದ ಅದು ಕೆಟ್ಟಿದೆ, ಹೊರದೇಶದಿಂದ ತರಿಸಬೇಕು ಎಂದು ದುರಸ್ತಿಯವರು ಹೇಳುತ್ತಾರೆ. ನಂಬಬಹುದೇ?

ಉತ್ತರ: ಈ ಎರಡು ಅಂಕಿಗಳ ಮೇಲೆ ಟ್ರಾನ್ಸ್‌ಫಾರ್ಮರ್‌ಗೆ ಶಿಕ್ಷೆ ವಿಧಿಸಲು ಬರುವುದಿಲ್ಲ. ಪ್ರೈಮರಿಯ ಎರಡೂ ಅರ್ಧಗಳಲ್ಲಿ ಸುತ್ತುಗಳ ಸಂಖ್ಯೆ ಒಂದೇ ಇದ್ದರೂ, ಒಳಗಿನ ಪದರಿನ ಸುತ್ತು ಚಿಕ್ಕದು, ಹೊರಗಿನ ಪದರಿನ ಸುತ್ತು ದೊಡ್ಡದು. ಆದ್ದರಿಂದ ಹೊರಗಿನ ಅರ್ಧಕ್ಕೆ ಹೆಚ್ಚು ತಂತಿ ಹಿಡಿದು ಅದರ ಓಮ್ ಸಹಜವಾಗಿಯೇ ಹೆಚ್ಚಿರುತ್ತದೆ. 38 ಮತ್ತು 44ರ ನಡುವಿನ ಅಂತರಕ್ಕೆ ಇಷ್ಟೇ ಕಾರಣ ಸಾಕು. ತಂತಿ ಎಲ್ಲಾದರೂ ಕಡಿದಿದ್ದರೆ ಮಲ್ಟಿಮೀಟರ್ ಅದನ್ನು ಖಂಡಿತ ಹೇಳುತ್ತದೆ, ಆದರೆ ಒಂದೆರಡು ಸುತ್ತು ತಮ್ಮೊಳಗೆ ಶಾರ್ಟ್ ಆಗಿದ್ದರೆ ಓಮ್‌ನಲ್ಲಿ ಕಾಣುವ ವ್ಯತ್ಯಾಸ ಮೀಟರ್‌ನ ತಪ್ಪಿಗಿಂತ ಕಡಿಮೆ.

ಹಾಗೆಂದು ನಿಮ್ಮ ಟ್ರಾನ್ಸ್‌ಫಾರ್ಮರ್‌ಗೆ ಏನೂ ಆಗಿಲ್ಲವೆಂದು ನಾನು ಹೇಳುತ್ತಿಲ್ಲ. ಸ್ಪೀಕರ್ ಇದ್ದಾಗ, ಪೂರ್ಣ ಶಕ್ತಿಯಲ್ಲಿ ನುಡಿಸಿದರೆ, ವಾಲ್ವ್‌ನ ಆನೋಡ್‌ನ (ಟ್ರಾನ್ಸ್‌ಫಾರ್ಮರ್‌ಗೆ ಸೇರುವ ತುದಿ) ವೋಲ್ಟೇಜ್ ಬಿ-ಪ್ಲಸ್‌ನ (ಆಂಪ್‌ನ ಮುಖ್ಯ ಡಿಸಿ ಹೈವೋಲ್ಟೇಜ್) ಸುಮಾರು ಎರಡರಷ್ಟಕ್ಕೆ ಏರುತ್ತದೆ. ಸ್ಪೀಕರ್ ಇಲ್ಲದಿದ್ದರೆ ಅದಕ್ಕೂ ಬಹಳ ಮೇಲಕ್ಕೆ ನೆಗೆಯುತ್ತದೆ. ಆ ವೋಲ್ಟೇಜ್ ಎಲ್ಲಿ ದುರ್ಬಲ ಜಾಗ ಸಿಗುತ್ತದೋ ಅಲ್ಲಿ ಕಿಡಿ ಹಾರಿಸುತ್ತದೆ. ಇಎಲ್34ರಲ್ಲಿ ಆನೋಡ್ 3ನೆಯ ಪಿನ್ನು, ಅದರ ಮಗ್ಗುಲಿನ 2ನೆಯ ಪಿನ್ನು ಹೀಟರ್‌ನದು. ನನ್ನ ಅನುಭವದಲ್ಲಿ ಇಂತಹ ಅವಘಡಗಳಲ್ಲಿ ಮೊದಲು ಬಲಿಯಾಗುವುದು ಇವೆರಡರ ನಡುವಿನ ಸಾಕೆಟ್ಟಿನ ಮೈಯೇ. ವಾಲ್ವ್ ಕಿತ್ತು, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ಕೂದಲೆಳೆಯಂತಹ ಕಪ್ಪು ಗೆರೆಯೊಂದು ಒಂದು ಪಿನ್ನಿನಿಂದ ಇನ್ನೊಂದಕ್ಕೆ ಹರಿದಿರುವುದು ಕಾಣಬಹುದು. ಅದು ಇಂಗಾಲವಾಗಿ ಸುಟ್ಟ ಹಾದಿ. ಒಮ್ಮೆ ಮೂಡಿತೆಂದರೆ ಮುಂದೆ ಪ್ರತಿಸಲವೂ ವಿದ್ಯುತ್ತು ಅಲ್ಲಿಂದಲೇ ಹರಿಯುತ್ತದೆ. ಜಾತ್ರೆಯ ಧೂಳು ಕೂತ ಸಾಕೆಟ್ಟಿನಲ್ಲಿ, ಅದೂ ಮಳೆಗಾಲದ ತೇವದಲ್ಲಿ, ಇದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಗೆರೆಯನ್ನು ಕೆರೆದು ತೆಗೆಯಲು ಹೋಗಬೇಡಿ, ಸಾಕೆಟ್ಟನ್ನೇ ಬದಲಾಯಿಸಿ.

ಮುಂದಿನ ಪರೀಕ್ಷೆಗಳನ್ನು ಹೈವೋಲ್ಟೇಜ್ ಕೆಲಸ ಬಲ್ಲವರೇ ಮಾಡಬೇಕು. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್‌ಗಿಂತ ಹೆಚ್ಚು ಉಳಿದಿರಬಹುದು. ಪ್ರತಿ ಹಂತದಲ್ಲಿಯೂ ಅವುಗಳನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್‌ನಿಂದ ಖಚಿತಪಡಿಸಿಕೊಂಡೇ ಒಳಗೆ ಕೈ ಹಾಕಬೇಕು.

ಮೊದಲು ಎರಡೂ ಔಟ್‌ಪುಟ್ ವಾಲ್ವ್ ತೆಗೆದು ಆನ್ ಮಾಡಿ. ಫ್ಯೂಸ್ ಉಳಿದರೆ ದೋಷ ಬಹುತೇಕ ವಾಲ್ವ್‌ನಲ್ಲಿಯೋ ಬಯಾಸ್‌ನಲ್ಲಿಯೋ (ವಾಲ್ವ್‌ನ ಕರೆಂಟನ್ನು ಹದದಲ್ಲಿಡುವ ವೋಲ್ಟೇಜ್) ಇದೆ. ವಾಲ್ವ್ ಒಳಗೇ ಶಾರ್ಟ್ ಆಗಿರಬಹುದು, ಇಲ್ಲವೇ ಹಿಂದಿನ ಹಂತದ ಡಿಸಿಯನ್ನು ತಡೆಯುವ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿರಬಹುದು. ವಾಲ್ವ್ ಇಲ್ಲದೆಯೂ ಹಾರಿದರೆ, ಟ್ರಾನ್ಸ್‌ಫಾರ್ಮರ್‌ನ ಸೆಂಟರ್ ಟ್ಯಾಪ್ ತಂತಿಯನ್ನು (ಪ್ರೈಮರಿಯ ನಡುಮಧ್ಯದಿಂದ ಹೊರಟದ್ದು) ಬಿ-ಪ್ಲಸ್‌ನಿಂದ ಬಿಡಿಸಿ, ತುದಿಗೆ ಚೆನ್ನಾಗಿ ಟೇಪ್ ಸುತ್ತಿ ಮತ್ತೆ ಆನ್ ಮಾಡಿ. ಆಗಲೂ ಹಾರಿದರೆ ರೆಕ್ಟಿಫೈಯರ್ ಡಯೋಡ್ ಅಥವಾ ಫಿಲ್ಟರ್ ಕೆಪಾಸಿಟರ್ ಕೆಟ್ಟಿದೆ, ಟ್ರಾನ್ಸ್‌ಫಾರ್ಮರ್‌ಗೂ ಅದಕ್ಕೂ ಸಂಬಂಧವಿಲ್ಲ. ಹಾರದಿದ್ದರೆ ಸೆಂಟರ್ ಟ್ಯಾಪನ್ನು ಮತ್ತೆ ಜೋಡಿಸಿ, ಈ ಸಲ ಆನೋಡ್ ತಂತಿಗಳೆರಡನ್ನು ಸಾಕೆಟ್ಟಿನಿಂದ ಬಿಡಿಸಿ. ಫ್ಯೂಸ್ ಉಳಿದರೆ ತಪ್ಪು ಸಾಕೆಟ್ಟಿನದು. ಹಾರಿದರೆ ಪ್ರೈಮರಿಯು ಕೋರ್‌ಗೋ (ನಡುವಿನ ಕಬ್ಬಿಣ) ಸೆಕೆಂಡರಿಗೋ (ಸ್ಪೀಕರ್ ಕಡೆಯ ಸುರುಳಿ) ಸೋರುತ್ತಿದೆ, ನಿಮ್ಮ ದುರಸ್ತಿಯವರ ಮಾತೇ ನಿಜವಾಗುತ್ತದೆ. ಸೆಂಟರ್ ಟ್ಯಾಪ್ ಬಿಡಿಸಿದ್ದಾಗ ಔಟ್‌ಪುಟ್ ವಾಲ್ವ್ ಹಾಕಿ ಆನ್ ಮಾಡಲೇಬಾರದು. ಆನೋಡ್‌ಗೆ ಸಿಗದ ಕರೆಂಟನ್ನೆಲ್ಲ ವಾಲ್ವ್‌ನೊಳಗಿನ ಸ್ಕ್ರೀನ್ ಗ್ರಿಡ್ ಎಂಬ ತಂತಿಜಾಲರಿ ಎಳೆದುಕೊಂಡು ಕೆಂಪಾಗಿ ಸುಡುತ್ತದೆ.

ಸುತ್ತುಗಳ ನಡುವಿನ ಶಾರ್ಟ್ ಕಂಡುಹಿಡಿಯಲು ಟ್ರಾನ್ಸ್‌ಫಾರ್ಮರ್‌ನ ಎಲ್ಲ ತಂತಿಗಳನ್ನೂ ಸರ್ಕ್ಯೂಟಿನಿಂದ ಬಿಡಿಸಬೇಕು. ಸಣ್ಣ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್‌ನಿಂದ 12 ವೋಲ್ಟ್ ಎಸಿ ತೆಗೆದು, 1 ಕಿಲೋಓಮ್ ರೆಸಿಸ್ಟರ್ ಮೂಲಕ ಎರಡು ಆನೋಡ್ ತಂತಿಗಳ ನಡುವೆ ಕೊಡಿ. ಆರೋಗ್ಯವಾಗಿದ್ದರೆ ವೋಲ್ಟೇಜಿನ ಬಹುಪಾಲು ಪ್ರೈಮರಿಯ ಮೇಲೆಯೇ ನಿಲ್ಲುತ್ತದೆ, ಸೆಂಟರ್ ಟ್ಯಾಪ್‌ನಿಂದ ಎರಡೂ ತುದಿಗೆ ಸಮನಾಗಿ ಅರ್ಧರ್ಧ ಸಿಗುತ್ತದೆ. ಈಗ ಸೆಕೆಂಡರಿಯ ಎರಡು ತುದಿಗಳನ್ನು ಬೇಕೆಂದೇ ತಂತಿಯಿಂದ ಸೇರಿಸಿ: ಪ್ರೈಮರಿಯ ವೋಲ್ಟೇಜ್ ಒಮ್ಮೆಲೆ ಕುಸಿಯಬೇಕು. ಮೊದಲೇ ಕುಸಿದಿದ್ದು, ಸೇರಿಸಿದಾಗ ಹೆಚ್ಚೇನೂ ಬದಲಾಗದಿದ್ದರೆ ಒಳಗೇ ಶಾರ್ಟ್ ಇದೆ. ದುಬಾರಿ ಉಪಕರಣವಿಲ್ಲದೆ ಮಾಡಬಹುದಾದ ಪರೀಕ್ಷೆಗಳಲ್ಲಿ ಇದರಷ್ಟು ನಂಬಿಕೆಯದು ನನಗೆ ಬೇರೆ ಕಂಡಿಲ್ಲ. ಪ್ರೈಮರಿ, ಸೆಕೆಂಡರಿ ವೋಲ್ಟೇಜ್‌ಗಳ ಅನುಪಾತವನ್ನೂ ನೋಡಿಬಿಡಿ. ಇಂತಹ ಆಂಪ್‌ಗಳಲ್ಲಿ ಸಾಮಾನ್ಯವಾದ 3.4 ಕಿಲೋಓಮ್ ಇಂಪೀಡೆನ್ಸಿನ (ಎಸಿ ಸಂಕೇತಕ್ಕೆ ಒಡ್ಡುವ ತಡೆ, ಮಲ್ಟಿಮೀಟರ್ ತೋರಿಸುವ ಓಮ್ ಅಲ್ಲ) ಪ್ರೈಮರಿಯಾಗಿದ್ದರೆ, ಪ್ರೈಮರಿಯ ಮೇಲೆ 12 ವೋಲ್ಟ್ ಇದ್ದಾಗ 8 ಓಮ್ ಸ್ಪೀಕರ್ ಟ್ಯಾಪ್‌ನಲ್ಲಿ ಸುಮಾರು 0.58 ವೋಲ್ಟ್, 16 ಓಮ್‌ನಲ್ಲಿ 0.82 ವೋಲ್ಟ್ ಬರಬೇಕು.

ಇಷ್ಟೆಲ್ಲ ಸರಿಯಿದ್ದರೂ ಹೈವೋಲ್ಟೇಜ್‌ನಲ್ಲಿ ಮಾತ್ರ ಸೋರುವ ಟ್ರಾನ್ಸ್‌ಫಾರ್ಮರ್‌ಗಳುಂಟು. ಅದಕ್ಕೆ ಮೆಗ್ಗರ್ (ಹೈವೋಲ್ಟೇಜ್ ಕೊಟ್ಟು ಇನ್ಸುಲೇಶನ್ ಅಳೆಯುವ ಮೀಟರ್) ಬೇಕು. ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ಟಿನ ಮೋಟಾರು ಕಟ್ಟುವ ಅಂಗಡಿಗಳಲ್ಲಿ ವಿಚಾರಿಸಿದರೆ ಸಿಗುತ್ತದೆ. ಬಿಡಿಸಿದ ಟ್ರಾನ್ಸ್‌ಫಾರ್ಮರನ್ನು ಒಯ್ದು ಪ್ರೈಮರಿ ಮತ್ತು ಕೋರ್ ನಡುವೆ, ಪ್ರೈಮರಿ ಮತ್ತು ಸೆಕೆಂಡರಿ ನಡುವೆ ಅಳೆಸಿ. 500 ವೋಲ್ಟ್‌ಗಿಂತ 1000 ವೋಲ್ಟ್‌ನ ಮೆಗ್ಗರ್ ಇಲ್ಲಿ ಒಳ್ಳೆಯದು. ಆದರೆ ಕಾಯಿಲ್ ಕಟ್ಟಿಸುವ ಕೆಲಸವನ್ನು ಅಲ್ಲಿಯೇ ಒಪ್ಪಿಸಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಪ್ರೈಮರಿ, ಸೆಕೆಂಡರಿ ಪದರುಗಳು ಒಂದರ ನಡುವೆ ಒಂದು ಹೆಣೆದಿರುತ್ತವೆ. ಆ ಕ್ರಮ ತಪ್ಪಿದರೆ ಸುತ್ತುಗಳ ಲೆಕ್ಕ ಸರಿಯಿದ್ದರೂ ಮೇಲಿನ ಸ್ವರಗಳು ಮಂಕಾಗುತ್ತವೆ.

ಹೊಸದನ್ನೇ ಹಾಕಬೇಕಾಗಿ ಬಂದರೆ ಪ್ರೈಮರಿ ಇಂಪೀಡೆನ್ಸ್, ವ್ಯಾಟ್ ಮತ್ತು ಸ್ಪೀಕರ್ ಟ್ಯಾಪ್‌ಗಳು ಹಳೆಯದಕ್ಕೆ ಹೊಂದಬೇಕು. ಜೋಡಿಸಿ ಆನ್ ಮಾಡಿದೊಡನೆ ಆಂಪ್ ಜೋರಾಗಿ ಕಿರುಚಿದರೆ ಗಾಬರಿ ಬೇಡ, ಔಟ್‌ಪುಟ್‌ನಿಂದ ಹಿಂದಿನ ಹಂತಕ್ಕೆ ಮರಳುವ ಫೀಡ್‌ಬ್ಯಾಕ್ ತಿರುಗುಮುರುಗಾಗಿದೆ ಅಷ್ಟೇ. ಕೂಡಲೇ ಆಫ್ ಮಾಡಿ, ಎರಡು ಆನೋಡ್ ತಂತಿಗಳನ್ನು ಅದಲುಬದಲು ಮಾಡಿಸಿ.